ಮಗುವಿಗೆ ನ್ಯುಮೋನಿಯಾ ಇರಬಹುದೇ? ಮೊದಲು ಉಸಿರು ಎಣಿಸಿ

ಮಗುವಿಗೆ ಕೆಮ್ಮು, ಜ್ವರ ಬಂದಾಗ ಹೆತ್ತವರು ಗಂಟೆಗೊಮ್ಮೆ ಥರ್ಮಾಮೀಟರ್ ನೋಡುತ್ತಾರೆ. ಉಸಿರನ್ನು ಎಣಿಸುವವರು ಬಹಳ ಕಡಿಮೆ. ನ್ಯುಮೋನಿಯಾದ ಸುಳಿವು ಜಾಸ್ತಿ ಸಿಗುವುದು ಉಸಿರಿನಲ್ಲೇ. ಶ್ವಾಸಕೋಶದ ಗಾಳಿಚೀಲಗಳಲ್ಲಿ ಕೀವು, ನೀರು ತುಂಬಿದರೆ ಆಮ್ಲಜನಕ ಸಾಲದೆ ಮಗು ಬೇಗ ಬೇಗ ಉಸಿರೆಳೆಯುತ್ತದೆ.

ಮೊದಲು ಮಗು ಸುಮ್ಮನಾಗಲಿ. ಅಳುವಾಗ, ಹಾಲು ಕುಡಿಯುವಾಗ ಎಣಿಸಿದ ಲೆಕ್ಕ ಲೆಕ್ಕವೇ ಅಲ್ಲ. ನಿದ್ದೆಯಲ್ಲಿದ್ದಾಗ ಎಣಿಸುವುದೇ ಒಳ್ಳೆಯದು.

ಈಗ ಎಣಿಕೆ. ಎಲ್ಲರೂ ತಪ್ಪುವುದು ಇಲ್ಲೇ. ಅಂಗಿ ಮೇಲೆತ್ತಿ, ಎದೆ ಮತ್ತು ಹೊಟ್ಟೆ ಸೇರುವ ಜಾಗದಲ್ಲಿ ಕಣ್ಣಿಡಿ. ಕೈ ಇಡಬೇಡಿ, ಮಗು ಎಚ್ಚರವಾಗುತ್ತದೆ. ಮೊಬೈಲಿನಲ್ಲಿ ಒಂದು ನಿಮಿಷದ ಟೈಮರ್ ಹಾಕಿ. ಏರಿ ಇಳಿದರೆ ಒಂದು. ಏರಿದ್ದಕ್ಕೊಂದು, ಇಳಿದದ್ದಕ್ಕೊಂದು ಅಲ್ಲ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಅಡ್ಡದಾರಿ ಬೇಡವೇ ಬೇಡ. ಎಳೆಯ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಸ್ವಲ್ಪ ಹೊತ್ತು ಓಡುತ್ತದೆ, ಮತ್ತೆ ನಿಧಾನವಾಗುತ್ತದೆ. ಹಾಗೆ ಗುಣಿಸಿ 44 ಅಂದವರ ಮಗುವಿನದು ಪೂರ್ತಿ ನಿಮಿಷಕ್ಕೆ 54 ಬಂದದ್ದನ್ನು ನಾನೇ ನೋಡಿದ್ದೇನೆ. ಅನುಮಾನವಿದ್ದರೆ ಇನ್ನೊಮ್ಮೆ ಎಣಿಸಿ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2 ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60, ಎರಡರಿಂದ 12 ತಿಂಗಳೊಳಗೆ 50, ಒಂದರಿಂದ 5 ವರ್ಷದೊಳಗೆ 40. ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ಬಂದರೆ ವೇಗದ ಉಸಿರು ಎಂದರ್ಥ. ಅವತ್ತೇ ವೈದ್ಯರಿಗೆ ತೋರಿಸಿ.

ಆಮೇಲೆ ಪಕ್ಕೆ ನೋಡಿ. ಮಗು ತೊಡೆಯ ಮೇಲೆ ನೇರವಾಗಿ ಮಲಗಿರಲಿ. ಸೊಂಟ ಬಾಗಿದ್ದರೆ ಏನೂ ಕಾಣುವುದಿಲ್ಲ. ಉಸಿರೆಳೆದಾಗ ಎದೆ, ಹೊಟ್ಟೆ ಎರಡೂ ಉಬ್ಬಬೇಕು. ಹೊಟ್ಟೆ ಉಬ್ಬಿ, ಪಕ್ಕೆಲುಬಿನ ಕೆಳಭಾಗ ಪ್ರತಿ ಉಸಿರಿಗೂ ಒಳಕ್ಕೆ ಹೋಗುತ್ತಿದ್ದರೆ ಅದು ಪಕ್ಕೆ ಸೆಳೆತ. ಮೂಗು ಕಟ್ಟಿದ್ದರೆ ಶುಚಿ ಮಾಡಿ ಮತ್ತೊಮ್ಮೆ ನೋಡಿ. ಆಗಲೂ ಸೆಳೆಯುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ.

ರಕ್ತದಲ್ಲಿರುವ ಆಮ್ಲಜನಕ ಅಳೆಯಲು ದೊಡ್ಡವರ ಬೆರಳಿಗೆ ಹಾಕುವ ಆಕ್ಸಿಮೀಟರನ್ನು ಕೂಸಿನ ಬೆರಳಿಗೆ ಸಿಕ್ಕಿಸಬೇಡಿ. ಅಳತೆ ಸರಿಹೊಂದದೆ ತಪ್ಪು ಅಂಕಿ ತೋರಿಸುತ್ತದೆ. ಅದರಲ್ಲಿ 97 ಬಂತು ಅಂತ ಸುಮ್ನೆ ಕೂರುವುದು ಅಪಾಯ.

ಮಗು ಹಾಲು, ನೀರು ಕುಡಿಯುತ್ತಿಲ್ಲ, ಕುಡಿದದ್ದೆಲ್ಲ ವಾಂತಿ, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ತುಟಿ ನೀಲಿ: ಇವುಗಳಲ್ಲಿ ಒಂದಿದ್ದರೂ ಎಣಿಸುತ್ತಾ ಕೂರಬೇಡಿ, ಓಡಿ. 2 ತಿಂಗಳೊಳಗಿನ ಮಗುವಾದರೆ ಜ್ವರ, ವೇಗದ ಉಸಿರು, ಹಾಲು ಬಿಟ್ಟದ್ದು, ಯಾವುದಕ್ಕೂ ಮನೆಯಲ್ಲಿ ಕಾಯುವಂತಿಲ್ಲ.

ಉಬ್ಬಸ, ಜೋರು ಜ್ವರದಲ್ಲೂ ಉಸಿರು ಏರುತ್ತದೆ. ನ್ಯುಮೋನಿಯಾ ಹೌದೋ ಅಲ್ಲವೋ ಹೇಳಬೇಕಾದವರು ಪರೀಕ್ಷಿಸಿದ ವೈದ್ಯರೇ. ಎಲ್ಲ ಮಕ್ಕಳಿಗೂ ಎಕ್ಸ್‌ರೇ ಬೇಕಾಗುವುದಿಲ್ಲ. ಕೆಮ್ಮಿನ ಸಿರಪ್ ನ್ಯುಮೋನಿಯಾ ವಾಸಿ ಮಾಡುವುದಿಲ್ಲ. ಹೋದ ಸಲ ಉಳಿದ ಆ್ಯಂಟಿಬಯೋಟಿಕ್ ಕೊಡಲೇಬೇಡಿ.

ಹೊರಡುವಾಗ ಒಂದು ಚೀಟಿ ಬರೆದುಕೊಳ್ಳಿ: ‘ರಾತ್ರಿ 9 ಗಂಟೆ, ನಿದ್ದೆಯಲ್ಲಿ, 54’. ಆಸ್ಪತ್ರೆ ಸೇರುವಾಗ ಮಗು ಅಳುತ್ತಿರಬಹುದು. ಆಗ ವೈದ್ಯರಿಗೆ ಈ ಚೀಟಿ ಕೊಡಿ.