ಹಳೆಯ ಓಮ್ನಿಗೆ ಆಯಿಲ್ ಫಿಲ್ಟರ್: ಎರಡನ್ನು ಕತ್ತರಿಸಿ ನೋಡಿದ ಮೇಲೆ

ಮೂರು ಮಳೆಗಾಲದ ಹಿಂದಿನ ಮಾತು. ಬೆಳಿಗ್ಗೆ ನಮ್ಮ ಮಾರುತಿ ಓಮ್ನಿ ವ್ಯಾನ್ ಸ್ಟಾರ್ಟ್ ಮಾಡಿದರೆ, ಆಯಿಲ್ ಒತ್ತಡ ಬಂದ ಕೂಡಲೇ ಆರಬೇಕಾದ ಕೆಂಪು ಆಯಿಲ್ ದೀಪ ಬೇಗ ಆರುತ್ತಿರಲಿಲ್ಲ. ಒಂದು, ಎರಡು ಅಂತ ಎಣಿಸಿದೆ. ಆರು ಎಣಿಸುವವರೆಗೂ ಉರಿಯುತ್ತಲೇ ಇತ್ತು. ಅಷ್ಟು ಹೊತ್ತೂ ಸೀಟಿನ ಅಡಿಯಿಂದ ಟಕಟಕ ಸದ್ದು. ಆಮೇಲೆ ದೀಪ ಆರಿತು, ಸದ್ದೂ ನಿಂತಿತು. ಮಧ್ಯಾಹ್ನ ಪೇಟೆಯಿಂದ ಹೊರಡುವಾಗ ಏನೂ ಇಲ್ಲ. ಮರುದಿನ ಬೆಳಿಗ್ಗೆ ಮತ್ತೆ ಅದೇ.

ನಮ್ಮದು 2003ರ ಗಾಡಿ. ಕೆಎ-31, ಶಿರಸಿ ನೋಂದಣಿ. 796 ಸಿಸಿ, ಮೂರು ಸಿಲಿಂಡರ್. ಓಮ್ನಿ ತಯಾರಿಕೆ 2019ರಲ್ಲೇ ನಿಂತುಹೋಯಿತು. ನಮ್ಮ ಕಡೆ ಮಾತ್ರ ಇನ್ನೂ ಊರಿಗೆ ಒಂದೆರಡಾದರೂ ಓಡುತ್ತಿವೆ. ಅಡಿಕೆ ಮೂಟೆ, ಹಿಂಡಿ ಚೀಲ, ಮದುವೆ ಮನೆಯ ಪಾತ್ರೆ ಎಲ್ಲದಕ್ಕೂ ಅದೇ. 15 ವರ್ಷ ತುಂಬಿದಾಗ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಮಾಡಿಸಿ ಆರ್‌ಸಿಯನ್ನು, ಅಂದರೆ ನೋಂದಣಿಯನ್ನು, 5 ವರ್ಷಕ್ಕೆ ಮುಂದುವರಿಸಿದೆ. ಅದು ಮುಗಿದ ಮೇಲೆ ಇನ್ನೊಂದು 5 ವರ್ಷ. ಅಪ್ಪ ಕೊಂಡ ಗಾಡಿ, ಕೊಡುವ ಮನಸ್ಸಿಲ್ಲ.

ದೀಪ ಆರದಿದ್ದಾಗ ನನಗೆ ಹೊಳೆದದ್ದು ಆಯಿಲ್ ಪಂಪ್. ಎಂಜಿನ್ ಹಳತಾಯಿತು, ಪಂಪ್ ಸವೆದಿರಬೇಕು ಅಂದುಕೊಂಡೆ. ನಮ್ಮ ಮೆಕ್ಯಾನಿಕ್ ಅಣ್ಣನಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಫಿಲ್ಟರ್ ಯಾವಾಗ ಬದಲಿಸಿದ್ದು?" ಹದಿನೈದು ದಿನ ಆಯಿತು ಅಂದೆ. "ಹಾಗಾದ್ರೆ ಪಂಪ್ ಬಿಚ್ಚೋದು ಬೇಡ ಮಾರಾಯ್ರೆ. ನಾಳೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡೋಕೂ ಮೊದ್ಲು ಫಿಲ್ಟರ್ ಬಿಚ್ಚಿ ನೋಡಿ."

ಬಿಚ್ಚಿದೆ. ಸಾಮಾನ್ಯವಾಗಿ ಫಿಲ್ಟರ್ ಸಡಿಲವಾದ ಕೂಡಲೇ ಆಯಿಲ್ ಕೈಮೇಲೆ ಇಳಿದು ಮೊಣಕೈವರೆಗೆ ಹರಿಯುತ್ತದೆ. ಅವತ್ತು ನಾಲ್ಕು ಹನಿ ಬಿತ್ತು ಅಷ್ಟೆ. ಫಿಲ್ಟರ್ ಹೆಚ್ಚುಕಡಿಮೆ ಖಾಲಿ. ರಾತ್ರಿ ಪೂರ್ತಿ ಆಯಿಲ್ ಕೆಳಗಿನ ಚೇಂಬರಿಗೆ ಇಳಿದುಹೋಗಿತ್ತು. ಬೆಳಿಗ್ಗೆ ಪಂಪ್ ಮೊದಲು ಆ ಖಾಲಿ ಡಬ್ಬಿಯನ್ನು ತುಂಬಬೇಕು, ಆಮೇಲೆ ಬೇರಿಂಗಿಗೆ, ಎಂಜಿನ್ ತಲೆಯಲ್ಲಿ ಬಡಿದಾಡುವ ರಾಕರಿಗೆ ಕಳಿಸಬೇಕು. ಆರು ಸೆಕೆಂಡು ಹೋಗುತ್ತಿದ್ದದ್ದು ಅಲ್ಲಿ.

ತೋಟದ ಪಂಪ್‌ಸೆಟ್ ಇದ್ದವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಫುಟ್‌ವಾಲ್ವ್ ಸೋರಿದರೆ ಪೈಪಿನ ನೀರೆಲ್ಲ ಬಾವಿಗೆ ಇಳಿದು, ಬೆಳಿಗ್ಗೆ ಪಂಪ್ ಸುಮ್ನೆ ತಿರುಗುತ್ತದಲ್ಲ, ಹಾಗೆಯೇ. ಫಿಲ್ಟರಿನ ಒಳಗೂ ಅಂಥದ್ದೇ ಒಂದು ರಬ್ಬರ್ ವಾಲ್ವ್ ಇರುತ್ತದೆ. ಒಳಗೆ ಬಂದ ಆಯಿಲ್ ಬಂದ ದಾರಿಯಲ್ಲೇ ವಾಪಸ್ ಹೋಗದಂತೆ ತಡೆಯುವುದು ಅದರ ಕೆಲಸ. ಬಾಯಿ ಮೇಲೆ ಮಾಡಿ ನೆಟ್ಟಗೆ ಕೂರುವ ಫಿಲ್ಟರಿಗೆ ಅದು ಇಲ್ಲದಿದ್ದರೂ ನಡೆದೀತು. ಅಡ್ಡ ಕೂರುವುದಕ್ಕೆ ಬೇಕೇ ಬೇಕು.

ಹದಿನೈದು ದಿನದ ಹಿಂದೆ ನಾನು ಯಾವಾಗಲೂ ತರುವ ಫಿಲ್ಟರ್ ಅಂಗಡಿಯಲ್ಲಿ ಇರಲಿಲ್ಲ. "ಎರಡೂ ಒಂದೇ, ಇದು 60 ರೂಪಾಯಿ ಕಡಿಮೆ" ಅಂದರು. ಹೊರಗಿಂದ ನೋಡಿದರೆ ಒಂದೇ. ಬಣ್ಣವೂ ಒಂದೇ. ನಾನು ತಂದೆ.

ಈಗ ಎರಡನ್ನೂ ಕತ್ತರಿಸಿ ನೋಡೋಣ ಅನ್ನಿಸಿತು. ಕೊಟ್ಟಿಗೆಯ ಮೂಲೆಯಲ್ಲಿ ಹಿಂದಿನ ಸಲ ಬಿಚ್ಚಿಟ್ಟ ಹಳೆಯ ಫಿಲ್ಟರ್ ಇತ್ತು. ಹ್ಯಾಕ್ಸಾದಿಂದ ಎರಡನ್ನೂ ಸೀಳಿ, ಹಳೆ ಗೋಣಿಯ ಮೇಲೆ ಭಾಗ ಭಾಗವಾಗಿ ಇಟ್ಟೆ. ಅವತ್ತು ಒಂದು ಗಂಟೆಯಲ್ಲಿ ಕಲಿತಷ್ಟು ಇಪ್ಪತ್ತು ವರ್ಷದಲ್ಲಿ ಕಲಿತಿರಲಿಲ್ಲ.

ಮೊದಲು ರಬ್ಬರ್ ವಾಲ್ವ್. ನನ್ನ ಹಳೆಯ ಫಿಲ್ಟರಿನದ್ದು ಕಿತ್ತಳೆ ಬಣ್ಣದ ಸಿಲಿಕೋನ್. 5000 ಕಿಲೋಮೀಟರ್ ಓಡಿದ ಮೇಲೂ ಮೆತ್ತಗೆ, ಬಗ್ಗಿಸಿ ಬಿಟ್ಟರೆ ತಟ್ಟನೆ ಮೊದಲಿನಂತೆ ಆಗುತ್ತಿತ್ತು. ಅಗ್ಗದ್ದರಲ್ಲಿ ಇದ್ದದ್ದು ಕಪ್ಪು ರಬ್ಬರ್. ಹದಿನೈದೇ ದಿನಕ್ಕೆ ಒಣಗಿದ ಹಲಸಿನ ಎಲೆಯ ಹಾಗೆ ಗಟ್ಟಿ, ಒಂದು ಕಡೆ ಅಂಚು ಮೇಲೆದ್ದಿತ್ತು. ಕಪ್ಪು ರಬ್ಬರೆಲ್ಲ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ನೈಟ್ರೈಲ್ ರಬ್ಬರಿನ ಒಳ್ಳೆಯ ಫಿಲ್ಟರುಗಳು ಬೇಕಾದಷ್ಟಿವೆ. ಆದರೆ ಬಿಸಿಗೆ ನೈಟ್ರೈಲ್ ಬೇಗ ಗಟ್ಟಿಯಾಗುತ್ತದೆ, ಸಿಲಿಕೋನ್ ತಡೆಯುತ್ತದೆ. ಕುಮಟಾದಲ್ಲಿ ಅಕ್ಕನ ಮನೆ ಇದೆ. ಅಲ್ಲಿಂದ ಮೂಟೆ ಹೇರಿಕೊಂಡು ದೇವಿಮನೆ ಘಟ್ಟ ಹತ್ತುವಾಗ ಎರಡನೇ ಗೇರಿನಲ್ಲಿ ಎಂಜಿನ್ ಎಷ್ಟು ಕಾಯುತ್ತದೆ ಎನ್ನುವುದು ಅದರ ಮೇಲೆಯೇ ಕೂತ ನನಗೆ ಗೊತ್ತು. ಓಮ್ನಿಯಲ್ಲಿ ಎಂಜಿನ್ ಸೀಟಿನ ಅಡಿಗೇ ಇದೆಯಲ್ಲ!

ಆಮೇಲೆ ಕಾಗದ. ಸೋಸುವುದು ಅದೇ. ಒಳ್ಳೆಯದರಲ್ಲಿ ಮಡಿಕೆಗಳು ಸೀರೆಯ ನೆರಿಗೆಯಷ್ಟು ಸಮನಾಗಿದ್ದವು. ಅಗ್ಗದ್ದರಲ್ಲಿ ಮಡಿಕೆಗಳೂ ಕಡಿಮೆ, ಒಂದು ಕಡೆ ಗುಂಪಾಗಿ ಇನ್ನೊಂದು ಕಡೆ ಬಾಯಿ ಬಿಟ್ಟಿದ್ದವು. ಕಾಗದದ ಎರಡು ತುದಿ ಸೇರುವಲ್ಲಿ ಬೆರಳುದ್ದ ಅಂಟೇ ಹಿಡಿದಿರಲಿಲ್ಲ. ಆಯಿಲ್ ಸುಲಭದ ದಾರಿ ಹುಡುಕುತ್ತದೆ. ಅಷ್ಟು ಸಂದು ಸಿಕ್ಕರೆ ಕಾಗದದೊಳಗೆ ನುಗ್ಗುವ ಕಷ್ಟ ಯಾಕೆ ಪಡುತ್ತದೆ?

ಮೂರನೆಯದು ಬೈಪಾಸ್ ವಾಲ್ವ್. ಇದು ಕೆರೆಯ ಕೋಡಿಯ ಹಾಗೆ. ತೂಬು ಕಟ್ಟಿದರೂ ಏರಿ ಒಡೆಯದಂತೆ ನೀರು ಕೋಡಿಯ ಮೇಲೆ ಹೋಗುತ್ತದಲ್ಲ, ಕಾಗದ ಕಟ್ಟಿಕೊಂಡರೆ ಅಥವಾ ಚಳಿಗೆ ಆಯಿಲ್ ದಪ್ಪವಾಗಿದ್ದರೆ ಈ ವಾಲ್ವ್ ತೆರೆದು, ಸೋಸದ ಆಯಿಲನ್ನಾದರೂ ಎಂಜಿನ್ನಿಗೆ ಕಳಿಸುತ್ತದೆ. ಆಯಿಲೇ ಇಲ್ಲದ್ದಕ್ಕಿಂತ ಕೊಳೆ ಆಯಿಲ್ ವಾಸಿ. ಕಾಗದದ ಆಚೆ ಈಚೆ ಒತ್ತಡದ ವ್ಯತ್ಯಾಸ ಸುಮಾರು ಒಂದು ಬಾರ್ (ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು) ಆದಾಗ ತೆರೆಯುವಂತೆ ಇಟ್ಟಿರುತ್ತಾರೆ, ಎಂಜಿನ್‌ನಿಂದ ಎಂಜಿನ್ನಿಗೆ ಸ್ವಲ್ಪ ಬೇರೆ. ಆದರೆ ಕೋಡಿಯೇ ತಗ್ಗಾಗಿದ್ದರೆ ಕೆರೆ ತುಂಬುವುದೇ ಇಲ್ಲ. ಅಗ್ಗದ ಫಿಲ್ಟರಿನ ಸ್ಪ್ರಿಂಗನ್ನು ಕಿರುಬೆರಳಿನಿಂದ ಒತ್ತಿದರೆ ತೆರೆದುಕೊಳ್ಳುತ್ತಿತ್ತು. ಮುಚ್ಚಳದ ತಗಡೂ ಸರಿಯಾಗಿ ಕೂರುತ್ತಿರಲಿಲ್ಲ.

ಅವತ್ತಿನಿಂದ ಫಿಲ್ಟರ್ ಕೊಳ್ಳುವಾಗ ಅಂಗಡಿಯ ಕಟ್ಟೆಯ ಮೇಲೆ ಐದು ನಿಮಿಷ ತೆಗೆದುಕೊಳ್ಳುತ್ತೇನೆ. ಹೊಸ ಫಿಲ್ಟರನ್ನು ಕತ್ತರಿಸಿ ನೋಡಲು ಆಗುವುದಿಲ್ಲ. ಆದರೆ ಬಾಯಿಯ ಸುತ್ತ ಇರುವ ಸಣ್ಣ ತೂತುಗಳಲ್ಲಿ ಮೊಬೈಲ್ ಟಾರ್ಚ್ ಬಿಟ್ಟರೆ ರಬ್ಬರ್ ವಾಲ್ವ್ ಕಾಣುತ್ತದೆ. ಸುತ್ತಲೂ ತಗಡಿಗೆ ಅಂಟಿ ಕೂತಿರಬೇಕು. ಶುಚಿಯಾದ ಕಡ್ಡಿಯಿಂದ ಮೆಲ್ಲಗೆ ಒತ್ತಿ ಬಿಟ್ಟರೆ ಪುಟಿದು ಬರಬೇಕು. ನಡುವಿನ ದೊಡ್ಡ ತೂತಿನ ಮರೆಯ (ಥ್ರೆಡ್ಡಿನ) ಸುತ್ತು ಸ್ವಚ್ಛವಾಗಿರಬೇಕು, ಲೋಹದ ಪುಡಿ ಅಂಟಿರಬಾರದು. ಆ ತೂತಿನಿಂದ ಒಳಗೆ ಹೋದ ಪುಡಿಯನ್ನು ಯಾವ ಕಾಗದವೂ ಸೋಸುವುದಿಲ್ಲ, ಅದು ಸೋಸಿ ಹೊರಬರುವ ದಾರಿ. ನೇರ ಬೇರಿಂಗಿಗೆ ಹೋಗುತ್ತದೆ.

ಮರೆಯ ಬಗ್ಗೆ ಇನ್ನೊಂದು ಮಾತು, ಇದನ್ನು ದಯವಿಟ್ಟು ಗಮನಿಸಿ. ಫಿಲ್ಟರುಗಳಲ್ಲಿ 20 ಮಿಲಿಮೀಟರಿನ, 1.5 ಪಿಚ್ಚಿನ (ಸುತ್ತಿನಿಂದ ಸುತ್ತಿಗೆ 1.5 ಮಿಲಿಮೀಟರ್) ಮರೆಯೂ ಇದೆ, ಮುಕ್ಕಾಲು ಇಂಚಿನ, ಇಂಚಿಗೆ 16 ಸುತ್ತಿನ ಮರೆಯೂ ಇದೆ. ಮುಕ್ಕಾಲು ಇಂಚು ಎಂದರೆ 19.05 ಮಿಲಿಮೀಟರ್. ಕಣ್ಣಿಗೆ ವ್ಯತ್ಯಾಸ ಕಾಣುವುದೇ ಇಲ್ಲ. ಮುಕ್ಕಾಲು ಇಂಚಿನ ಸ್ಟಡ್ಡಿಗೆ (ಎಂಜಿನ್ನಿನಲ್ಲಿ ಫಿಲ್ಟರ್ ಕೂರುವ ಮರೆಯ ಕೊಳವೆಗೆ) 20ರ ಫಿಲ್ಟರ್ ಹಾಕಿದರೆ ಹೇಗೋ ಹತ್ತಿಬಿಡುತ್ತದೆ, ಆದರೆ ಅಲ್ಲಾಡುತ್ತದೆ. ಘಟ್ಟದ ನಡುವೆ ಒತ್ತಡಕ್ಕೆ ಕಳಚಿದರೆ ಇದ್ದ ಆಯಿಲೆಲ್ಲ ಕ್ಷಣದಲ್ಲಿ ರಸ್ತೆಗೆ. ಹಾಗಾಗಿ "ಕೂರುತ್ತೆ, ತಗೊಳ್ಳಿ" ಎನ್ನುವ ಮಾತಿನ ಮೇಲೆ ಫಿಲ್ಟರ್ ಕೊಳ್ಳಬೇಡಿ. ಪಾರ್ಟ್ ನಂಬರ್ ನೋಡಿ. ಬಾಷ್, ಮಾಹ್ಲೆಯಂಥ ಕಂಪನಿಗಳು ಯಾವ ಗಾಡಿಗೆ ಯಾವ ನಂಬರ್ ಎಂದು ಪಟ್ಟಿ ಕೊಡುತ್ತವೆ. ನಾನು ಹೆಚ್ಚಾಗಿ ಮಾರುತಿಯ ಜೆನ್ಯೂನ್ ಫಿಲ್ಟರನ್ನೇ ತರುತ್ತೇನೆ. ಅದನ್ನೂ ಹೊಲೋಗ್ರಾಂ, ಎಂಆರ್‌ಪಿ ಚೀಟಿ, ಬಾಕ್ಸಿನ ಮೇಲಿನ ನಂಬರ್ ನೋಡಿಯೇ. ನಕಲಿ ಮಾಲು ಚಿಕ್ಕ ಊರಿಗೂ ಬರುತ್ತದೆ.

ತುಂಬಾ ಸಣ್ಣದನ್ನು ಸೋಸುವ ಫಿಲ್ಟರ್ ಹಾಕಲೇ ಎಂದು ಕೆಲವರು ಕೇಳುತ್ತಾರೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ, ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಬೇರಿಂಗನ್ನು ತಿನ್ನುವುದು ಅದಕ್ಕಿಂತ ಎಷ್ಟೋ ಸಣ್ಣ, 10-20 ಮೈಕ್ರಾನಿನ ಕಣ. ಬಾಕ್ಸಿನ ಮೇಲೆ ಬರೀ "20 ಮೈಕ್ರಾನ್" ಎಂದರೆ ಏನೂ ಹೇಳಿದಂತಲ್ಲ. ಅಷ್ಟು ದಪ್ಪದ ಕಣ ನೂರು ಬಂದರೆ ಎಷ್ಟನ್ನು ಹಿಡಿಯುತ್ತದೆ ಎಂದೂ ಬೇಕು. ಅದನ್ನು ಅಳೆಯಲು ಐಎಸ್‌ಒ 4548-12 ಎಂಬ ಪರೀಕ್ಷೆ ಇದೆ, ಆ ಅಂಕಿ ಕೊಡುವ ಕಂಪನಿಯ ಮೇಲೆ ನನಗೆ ನಂಬಿಕೆ ಜಾಸ್ತಿ. ಆದರೂ ಹಳೆ ಎಂಜಿನ್ನಿಗೆ ನಾನು ಮೊದಲು ನೋಡುವುದು ಮೈಕ್ರಾನ್ ಅಲ್ಲ, ಆ ರಬ್ಬರ್ ವಾಲ್ವ್. ಸವೆದ ಎಂಜಿನ್ನಿಗೆ ದಿನದ ಮೊದಲ ಸೆಕೆಂಡುಗಳಲ್ಲಿ ಆಯಿಲ್ ತಲುಪಬೇಕು. ಹಳೆ ಎಂಜಿನ್ನಲ್ಲಿ ಕೊಳೆಯೂ ಹೆಚ್ಚು, ತೀರಾ ಸಣ್ಣಗೆ ಸೋಸುವ ಕಾಗದ ಬೇಗ ಕಟ್ಟಿಕೊಂಡು ಬೈಪಾಸ್ ತೆರೆದೇ ಇರುತ್ತದೆ.

ಮಳೆಗಾಲದಲ್ಲಿ ಬಾಕ್ಸನ್ನೂ ನೋಡಬೇಕು. ಜೂನ್ ನಂತರ ಶಿರಸಿಯಲ್ಲಿ ಬೆಂಕಿಪೊಟ್ಟಣವೂ ಹಸಿಯಾಗುತ್ತದೆ, ಕರಾವಳಿಯಲ್ಲಿ ಅದರ ಜೊತೆಗೆ ಉಪ್ಪುಗಾಳಿ. ಕಾರವಾರದಿಂದ ಒಮ್ಮೆ ತಂದ ಫಿಲ್ಟರಿನ ಮರೆಯಲ್ಲಿ ತುಕ್ಕಿನ ಪುಡಿ ಇತ್ತು. ವಾಪಸ್ ಕೊಟ್ಟೆ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದ್ದೇ ಬೇಕು ಎಂದು ಈಗ ಕೇಳಿ ತರುತ್ತೇನೆ.

ಕೂರಿಸುವುದು ಕಷ್ಟದ ಕೆಲಸವಲ್ಲ. ಚಕ್ರಕ್ಕೆ ಮರದ ತುಂಡು ಒತ್ತಿಟ್ಟು, ಗಾಡಿಗೆ ಗಟ್ಟಿ ಸ್ಟ್ಯಾಂಡ್ ಕೊಡದೆ, ಬರೀ ಜಾಕ್ ನಂಬಿ ಅಡಿಗೆ ಹೋಗಬಾರದು. ಹಳೆ ಫಿಲ್ಟರ್ ಬಿಚ್ಚಿದ ಮೇಲೆ ಅದರ ರಬ್ಬರ್ ರಿಂಗ್ ಅದರ ಜೊತೆಗೇ ಬಂತೇ ಎಂದು ನೋಡಿ. ಎಂಜಿನ್ನಿಗೆ ಅಂಟಿಕೊಂಡು ಉಳಿದಿದ್ದರೆ, ಅದರ ಮೇಲೆ ಹೊಸ ರಿಂಗ್ ಕೂತು ಆಯಿಲ್ ಚಿಮ್ಮುತ್ತದೆ. ಹೊಸ ರಿಂಗಿಗೆ ಬೆರಳಲ್ಲಿ ಹೊಸ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ, ರಿಂಗ್ ತಾಗಿದ ಮೇಲೆ ಮುಕ್ಕಾಲು ಸುತ್ತು. ಪಾನ (ಸ್ಪ್ಯಾನರ್) ಹಾಕಿ ಬಿಗಿದರೆ ರಿಂಗ್ ನಜ್ಜುಗುಜ್ಜಾಗುತ್ತದೆ, ಮುಂದಿನ ಸಲ ಬಿಚ್ಚುವಾಗ ಫಿಲ್ಟರೇ ಹರಿದುಬರುತ್ತದೆ.

ಬಿಚ್ಚಿದ ಪ್ರತಿ ಫಿಲ್ಟರನ್ನೂ ಈಗ ಕತ್ತರಿಸುತ್ತೇನೆ, ಆದರೆ ಹ್ಯಾಕ್ಸಾದಿಂದ ಅಲ್ಲ. ಮೊದಲ ಸಲ ಕಾಗದದ ತುಂಬ ಹೊಳೆಯುವ ಪುಡಿ ಕಂಡು ಎಂಜಿನ್ ಕಥೆ ಮುಗಿಯಿತು ಎಂದು ಎದೆ ಧಸಕ್ಕೆಂದಿತ್ತು. ಅದು ಹ್ಯಾಕ್ಸಾದ ಪುಡಿ. ಈಗ ಉಳಿಯಿಂದ ಒಂದು ತೂತು ಹೊಡೆದು ತಗಡು ಕತ್ತರಿಯಿಂದ ಸುತ್ತ ಕತ್ತರಿಸುತ್ತೇನೆ. ಕಾಗದ ಬಿಡಿಸಿ, ಹಿಂಡಿ, ಬಿಸಿಲಿಗೆ ಹಿಡಿಯುತ್ತೇನೆ. ಅಯಸ್ಕಾಂತಕ್ಕೆ ಅಂಟಿದರೆ ಕಬ್ಬಿಣ, ತಾಮ್ರದ ಬಣ್ಣದ ಚೂರು ಕಂಡರೆ ಬೇರಿಂಗ್ ಸವೆಯುತ್ತಿದೆ ಎಂದು ಅರ್ಥ. ಕಪ್ಪು ಕೆಸರು ಮಾತ್ರ ಇದ್ದರೆ ಚಿಂತೆ ಬೇಡ. ಒಮ್ಮೆ ಆಯಿಲ್ ಬ್ರಾಂಡ್ ಬದಲಿಸಿದಾಗ ಆ ಕೆಸರು ವಿಪರೀತ ಬಂತು. ಹೊಸ ಆಯಿಲ್ ಒಳಗಿನ ಹಳೆ ಕೊಳೆಯನ್ನು ತೊಳೆದಿತ್ತು. ಆ ಸಲ 2000 ಕಿಲೋಮೀಟರಿಗೇ ಫಿಲ್ಟರ್ ಬದಲಿಸಿದೆ. ಹಳೆ ಗಾಡಿಗೆ ಬೇರೆ ಆಯಿಲ್ ಹಾಕುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ನನ್ನ ಲೆಕ್ಕ 5000 ಕಿಲೋಮೀಟರ್ ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಮಳೆಗಾಲ ಮುಗಿದ ಕೂಡಲೇ ಒಂದು ಸಲ ತಪ್ಪಿಸುವುದಿಲ್ಲ. ಮನೆಯಿಂದ ಪೇಟೆಗೆ ನಾಲ್ಕೈದು ಕಿಲೋಮೀಟರ್ ಓಡಿ ನಿಲ್ಲಿಸಿದರೆ ಎಂಜಿನ್ ಪೂರ್ತಿ ಕಾಯುವುದಿಲ್ಲ, ತೇವ ಒಳಗೇ ಉಳಿದು ಆಯಿಲ್ ಮುಚ್ಚಳದ ಅಡಿ ಬೆಣ್ಣೆಯಂಥ ಬಿಳಿ ಪಸೆ ಕಟ್ಟುತ್ತದೆ. ಆ ನೀರು ಫಿಲ್ಟರಿನ ಕಾಗದಕ್ಕೂ ಒಳ್ಳೆಯದಲ್ಲ.

ಹಳೆ ಆಯಿಲನ್ನು ಮೊದಲೆಲ್ಲ ಗೆದ್ದಲು ಹಿಡಿಯದಂತೆ ಬೇಲಿ ಗೂಟಕ್ಕೆ ಬಳಿಯುತ್ತಿದ್ದೆವು. ತೋಟದ ಕೆಳಗೇ ಹಳ್ಳ ಹರಿಯುತ್ತದೆ, ಅದನ್ನು ಬಿಟ್ಟಿದ್ದೇನೆ. ಫಿಲ್ಟರನ್ನು ಒಂದು ದಿನ ಮಗುಚಿಟ್ಟು, ಇಳಿದ ಆಯಿಲನ್ನೂ ಸೇರಿಸಿ ಕ್ಯಾನಿನಲ್ಲಿ ಗ್ಯಾರೇಜಿನ ಬ್ಯಾರಲ್ಲಿಗೆ ಕೊಟ್ಟುಬರುತ್ತೇನೆ. ಹೊಸ ಫಿಲ್ಟರಿನ ಮೇಲೆ ಪೇಂಟ್ ಪೆನ್ನಿನಿಂದ ತಾರೀಕು, ಕಿಲೋಮೀಟರ್ ಬರೆಯುತ್ತೇನೆ. ಈಗ ಬೆಳಿಗ್ಗೆ ಒಂದು ಎಂದು ಎಣಿಸಿ ಎರಡು ಎನ್ನುವುದರೊಳಗೆ ದೀಪ ಆರುತ್ತದೆ.