ಸಾರಿಗೆ ಏನ್ ಹಾಕ್ಲಿ ಮೇಷ್ಟ್ರೇ?

ಕೃಷಿ ಕಾಲೇಜಿನಲ್ಲಿ ಪಾಠ ಮಾಡಲು ಸೇರಿ ಅದು ನನಗೆ ಎರಡನೇ ವರ್ಷ. ಮಾಗಡಿ ಕಡೆಯ ಒಂದು ಹಳ್ಳಿಯಲ್ಲಿ 1 ಎಕರೆ ರಾಗಿ ಪ್ರಾತ್ಯಕ್ಷಿಕೆ ಹಾಕಿದ್ದೆ. ಆ ಮನೆಯವರು ಮೊದಲಿನಿಂದಲೂ ರಾಗಿ ಹೊಲದಲ್ಲಿ ಅಕ್ಕಡಿ ಸಾಲು, ಅಂದರೆ ನಡುನಡುವೆ ಬೇರೆ ಬೆಳೆಯ ಸಾಲು, ಬಿಡುತ್ತಿದ್ದವರು. ‘ಈ ಸಲ ಅದು ಬೇಡ, ಬರೀ ರಾಗಿ ಹಾಕೋಣ’ ಎಂದು ನಾನೇ ಹಟ ಹಿಡಿದೆ. ಬೀಜೋಪಚಾರ ಮಾಡಿಸಿದೆ. ಕೂರಿಗೆಯಲ್ಲಿ ಬಿತ್ತಿಸಿದೆ. ಗೊಬ್ಬರವನ್ನು ಶಿಫಾರಸಿನ ಲೆಕ್ಕದಲ್ಲೇ ಕೊಡಿಸಿದೆ. ಮಳೆಯೂ ಕೈಕೊಡಲಿಲ್ಲ. ಕೊಯ್ಲಿನ ದಿನ 5 ಮೀಟರ್‌ಗೆ 5 ಮೀಟರ್ ಚೌಕ ಗುರುತು ಮಾಡಿ, ತೆನೆ ಕೊಯ್ದು ತೂಕ ಹಾಕಿದೆವು. ಪಕ್ಕದ ಹೊಲಕ್ಕಿಂತ ಚೆನ್ನಾಗಿಯೇ ಬಂದಿತ್ತು. ನನಗೋ ಹಿಡಿಸಲಾರದಷ್ಟು ಖುಷಿ.

ಆ ಮನೆಯ ಅಜ್ಜಿ ಕಣದ ಅಂಚಿನಲ್ಲಿ ಕೂತಿದ್ದರು. ‘ರಾಗಿ ಜಾಸ್ತಿ ಬಂತು ಮೇಷ್ಟ್ರೇ, ಸರಿ. ಮುದ್ದೆ ಆಯ್ತು. ಸಾರಿಗೆ ಏನ್ ಹಾಕ್ಲಿ?’ ಅಂದರು.

ಜಗಳ ಮಾಡುವ ದನಿಯಲ್ಲ. ನಿಜಕ್ಕೂ ಕೇಳಿದರು. ಆ ವರ್ಷ ಅವರ ಮನೆಯಲ್ಲಿ ಅವರೆಯಿಲ್ಲ, ತೊಗರಿಯಿಲ್ಲ. ಎರಡನ್ನೂ ಸಂತೆಯಿಂದ ತರಬೇಕಾಯಿತು. ನನ್ನ ತೂಕದ ಪುಸ್ತಕದಲ್ಲಿ ಆ ಲೆಕ್ಕಕ್ಕೆ ಜಾಗವೇ ಇರಲಿಲ್ಲ. ನನ್ನ ಬಳಿ ಉತ್ತರವೂ ಇರಲಿಲ್ಲ.

ಅಕ್ಕಡಿ ಸಾಲು ಅಂದರೆ ಏನು ಅಂತ ಹಳೇ ಮೈಸೂರು ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ರಾಗಿಯ ಮಧ್ಯೆ ಇಷ್ಟು ಸಾಲಿಗೊಂದು ಅಂತ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಕೆಲವರು ಹರಳು ಕೂಡ ಹಾಕುತ್ತಾರೆ. ಎಲ್ಲ ಒಟ್ಟಿಗೆ ಬರುವುದಿಲ್ಲ, ಅದೇ ಅದರ ಗುಟ್ಟು. ರಾಗಿ ಕೊಯ್ದ ಮೇಲೂ ಅವರೆ ನಿಂತಿರುತ್ತದೆ. ಚಳಿ, ಇಬ್ಬನಿ ಬಿದ್ದಾಗ ಸೊನೆ ತುಂಬಿಕೊಳ್ಳುತ್ತದೆ. ತೊಗರಿ ಇನ್ನೂ ತಡ. ಜೋಳದ ದಂಟು ದನಕ್ಕೆ. ಹುಚ್ಚೆಳ್ಳಿನ ಹೂವಿಗೆ ಜೇನು ಬರುತ್ತದೆ, ಕಾಳು ಚಟ್ನಿಪುಡಿಗೆ ಆಗುತ್ತದೆ. ಮಳೆ ಮಧ್ಯದಲ್ಲಿ ಕೈಕೊಟ್ಟು ರಾಗಿ ಸೊರಗಿದರೂ, ಆಳಕ್ಕೆ ಬೇರು ಬಿಡುವ ತೊಗರಿ ಒಂದಿಷ್ಟಾದರೂ ಕೊಡುತ್ತದೆ. ಒಂದು ಮನೆಯ ವರ್ಷದ ಊಟವನ್ನು ಒಂದೇ ಹೊಲದಲ್ಲಿ ಜೋಡಿಸಿಟ್ಟಿದ್ದರು ಆ ಜನ. ನಾನು ಅದನ್ನು ಕಿತ್ತು ಹಾಕಿಸಿದ್ದೆ.

ವಿಜ್ಞಾನ ಇದನ್ನು ಬೇಡ ಅನ್ನುವುದಿಲ್ಲ. ರಾಗಿ 8 ಸಾಲಿಗೆ ತೊಗರಿ 2 ಸಾಲು, ರಾಗಿ 8 ಸಾಲಿಗೆ ಅವರೆ 1 ಸಾಲು ಎಂಬುದು ಕೃಷಿ ವಿಶ್ವವಿದ್ಯಾಲಯದ ಶಿಫಾರಸಿನಲ್ಲೇ ಇದೆ. ನಾನು ಅದನ್ನೂ ಓದಿದ್ದವನೇ. ಆದರೆ ಇಳುವರಿ ಅಂದರೆ ರಾಗಿಯ ತೂಕ ಅಂತಷ್ಟೇ ತಲೆಯಲ್ಲಿ ಕೂತಿತ್ತು.

ನಾನು ಓದಿದ್ದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ. ನಮ್ಮ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಹೆಬ್ಬಾಳದಲ್ಲಿ ಶುರುವಾಯಿತು, ಡಾ. ಕೆ.ಸಿ. ನಾಯಕ್ ಅದರ ಮೊದಲ ಕುಲಪತಿ. ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದವರ ನೆರವೂ ಆಗ ಇತ್ತು. ಪಾಠ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಇರಬೇಕು ಎಂಬುದು ಅಲ್ಲಿನ ಮಾದರಿ. ತಳಿ ಕಂಡುಹಿಡಿಯುವವನೇ ಪಾಠ ಮಾಡಬೇಕು, ಅವನೇ ರೈತನ ಹೊಲಕ್ಕೂ ಹೋಗಬೇಕು. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಸೇರಿಸಿ ಇಂಡಾಫ್ ತಳಿಗಳನ್ನು ಮಾಡಿದ್ದನ್ನು ನಮ್ಮ ಮೇಷ್ಟ್ರುಗಳು ಮನೆಯ ಹಿರಿಯರ ಕಥೆಯಂತೆ ಹೇಳುತ್ತಿದ್ದರು. ಆ ಮೂರು ಕೆಲಸದಲ್ಲಿ ಹೊಲಕ್ಕೆ ಹೋಗುವುದು ಅಂದರೆ ಹೇಳಿ ಬರುವುದು ಅಂದುಕೊಂಡಿದ್ದೆ. ಕೇಳಿ ಬರುವುದೂ ಅದರಲ್ಲೇ ಸೇರಿದೆ ಅಂತ ತಿಳಿದದ್ದು ಆ ಅಜ್ಜಿಯಿಂದ.

ಅಲ್ಲಿಂದ ನನ್ನ ಪಾಠದ ರೀತಿ ಬದಲಾಯಿತು. ಬೆಳಗ್ಗೆ 7ಕ್ಕೆ ಕ್ಲಾಸು ಹೊಲದಲ್ಲೇ. ಪ್ರತಿ ವಿದ್ಯಾರ್ಥಿಗೂ ಒಂದು ಪಾತಿ ಕೊಟ್ಟು, ಬಿತ್ತನೆಯಿಂದ ಕೊಯ್ಲಿನ ತನಕ ಅವರೇ ಮಾಡಬೇಕು ಅಂದೆ. ಮಣ್ಣಿನ ಮಾದರಿ ತೆಗೆಯುವುದನ್ನು ಬೋರ್ಡಿನ ಮೇಲೆ ಬರೆಸುವುದು ಬಿಟ್ಟೆ. ಇಂಗ್ಲಿಷಿನ ವಿ ಆಕಾರದ ಗುಂಡಿ, 6 ಇಂಚು ಆಳ, ಬದು ಮತ್ತು ಮರದ ನೆರಳು ಬಿಟ್ಟು ಹತ್ತಾರು ಕಡೆ ತೆಗೆದು ಬೆರೆಸಿ, ಕೊನೆಗೆ ಅರ್ಧ ಕೆಜಿ ಉಳಿಸಿಕೊಳ್ಳಬೇಕು. ಒಮ್ಮೆ ಒಬ್ಬ ಹುಡುಗ ತಿಪ್ಪೆಗುಂಡಿ ಪಕ್ಕದ ಮಣ್ಣು ತಂದ. ಬೈಯಲಿಲ್ಲ. ಅದನ್ನೂ ಲ್ಯಾಬಿಗೆ ಕೊಟ್ಟು, ಎರಡು ವರದಿಯನ್ನೂ ಅವನಿಂದಲೇ ಓದಿಸಿದೆ. ಇಡೀ ಕ್ಲಾಸಿಗೆ ಅದು ಮರೆಯಲಿಲ್ಲ.

ಆಮೇಲೆ ವಾರ್ಡನ್ ಆದೆ, ವಿಭಾಗದ ಮುಖ್ಯಸ್ಥನಾದೆ, ಕೊನೆಗೆ ಡೀನ್. ಹಾಸ್ಟೆಲ್ಲಿನ ವರ್ಷಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಊಟ ಸರಿ ಇದ್ದರೆ ಅರ್ಧ ಗಲಾಟೆ ತಾನಾಗಿ ನಿಲ್ಲುತ್ತದೆ, ಅಷ್ಟೇ.

ಡೀನ್ ಕುರ್ಚಿಯಲ್ಲಿ ಕೂತಾಗ ಮೊದಲು ಹೆದರಿಕೆಯಾದದ್ದು ಫೈಲುಗಳಿಗೆ. ಫೈಲನ್ನು ಹಿಂದಿನಿಂದ ಮುಂದಕ್ಕೆ ಓದಬೇಕು ಅಂತ ಕಲಿಸಿದವರು ಕಚೇರಿಯ ಒಬ್ಬ ಹಿರಿಯ ಗುಮಾಸ್ತರು. ಮೊದಲ ಮಳೆಗಾಲದಲ್ಲೇ ಒಂದು ತಪ್ಪು ಮಾಡಿದೆ. ಫಾರಂ ಕೂಲಿಯವರ ಬಿಲ್ಲು ನನ್ನ ಮೇಜಿನ ಮೇಲೆ ಎರಡು ವಾರ ಉಳಿಯಿತು. ಕೂಲಿ ಸಿಗದೆ ಹೆಣ್ಣಾಳುಗಳು ಬೇರೆ ಕಡೆ ಕೆಲಸಕ್ಕೆ ಹೋದರು. ಅದು ಸರಿಯೇ, ಅವರ ಒಲೆ ಉರಿಯಬೇಡವೇ? ಆದರೆ ಬಿತ್ತಿದ ಮೊದಲ ನಾಲ್ಕೈದು ವಾರ ಕಳೆ ತೆಗೆಯದಿದ್ದರೆ ರಾಗಿ ಮತ್ತೆ ಮೇಲೇಳುವುದು ಕಷ್ಟ. ಒಬ್ಬ ವಿದ್ಯಾರ್ಥಿನಿಯ ಪ್ರಯೋಗದ ತಾಕು ಹಾಗೇ ಹಾಳಾಯಿತು. ಅವಳ ಮುಂದೆ ನಿಂತು ತಪ್ಪು ನನ್ನದು ಅಂತ ಹೇಳಿದೆ. ಆಮೇಲೆ ದಿನಾ ಬೆಳಗ್ಗೆ ಮೊದಲ ಸಹಿ ಕೂಲಿ ಬಿಲ್ಲಿಗೇ.

ನನ್ನ ಅವಧಿಯಲ್ಲಿ ಮನಸ್ಸಿಟ್ಟು ಮಾಡಿದ ಕೆಲಸ ಅಂದರೆ ಗ್ರಾಮೀಣ ಕಾರ್ಯಾನುಭವ. ಬಿ.ಎಸ್ಸಿ. ಕೃಷಿ ಓದುವವರು ಕೊನೆಯ ವರ್ಷ ಹಳ್ಳಿಯಲ್ಲಿ ಉಳಿದು, ಒಬ್ಬೊಬ್ಬ ರೈತರ ಜೊತೆ ಸೇರಿ ಕೆಲಸ ಕಲಿಯುವ ಕಾರ್ಯಕ್ರಮ ಅದು. ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಊರಿನ ನಕ್ಷೆ ಬಿಡಿಸುವುದು ಎಲ್ಲರಿಗೂ ಗೊತ್ತು, ಪೇಪರಿನಲ್ಲಿ ಫೋಟೋ ಬರುವುದು ಅದೇ. ಅಸಲಿ ಕೆಲಸ ಬೇರೆ ಇದೆ. ದಿನ ಕಡಿಮೆ ಮಾಡಿ, ಬಸ್ಸಿನಲ್ಲಿ ಹೋಗಿ ಬಂದರೆ ಸಾಕು ಎನ್ನುವ ಮಾತು ನಮ್ಮ ಸಭೆಗಳಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಹುಡುಗಿಯರ ಸುರಕ್ಷತೆ, ಖರ್ಚು, ಪರೀಕ್ಷೆ ತಡ, ಕಾರಣಗಳು ಸುಮ್ನೆ ಹೇಳಿದವಲ್ಲ. ಹಾಗಾಗಿ ಒಂದೊಂದಾಗಿ ಬಗೆಹರಿಸಲು ಕೂತೆ. ಹಳ್ಳಿ ಆರಿಸುವ ಮುಂಚೆ ನಾನೂ ಒಬ್ಬ ಮಹಿಳಾ ಸಹೋದ್ಯೋಗಿಯೂ ಹೋಗಿ ಮೊದಲು ಶೌಚಾಲಯ, ನೀರು, ರಾತ್ರಿ ದೀಪ ನೋಡುತ್ತಿದ್ದೆವು. ಅದು ಸರಿಯಿಲ್ಲದಿದ್ದರೆ ಊರಿನವರು ಎಷ್ಟೇ ಪ್ರೀತಿಯಿಂದ ಕರೆದರೂ ಇಲ್ಲ. ಇನ್ನೊಂದು, ಬಿತ್ತನೆಗೆ ಮುಂಚೆ ಮಕ್ಕಳು ಊರಿನಲ್ಲಿರಬೇಕು. ಹಿಂದಿನ ಪರೀಕ್ಷೆ ಎರಡು ವಾರ ಜಾರಿದರೆ ಅವರು ಹೋಗುವಷ್ಟರಲ್ಲಿ ರಾಗಿ ಮೊಳಕೆಯೊಡೆದು ನಿಂತಿರುತ್ತದೆ. ಬಿತ್ತನೆ ನೋಡದವರು ಏನು ಕಲಿತಂತಾಯಿತು? ಪರೀಕ್ಷೆಯ ವೇಳಾಪಟ್ಟಿಯನ್ನು ಮಳೆ ನಕ್ಷತ್ರ ನೋಡಿ ಹೊಂದಿಸಿದೆ. ಕೆಲವರಿಗೆ ಇದು ವಿಚಿತ್ರ ಅನ್ನಿಸಿತು.

ವರದಿ ಪುಸ್ತಕದಲ್ಲಿ ಒಂದು ಪುಟ ಸೇರಿಸಿದೆ. ಉಳಿದ ಪುಟಗಳಲ್ಲಿ ಇಳುವರಿ, ಖರ್ಚು, ಆದಾಯ. ಈ ಪುಟದಲ್ಲಿ ಒಂದೇ ಪ್ರಶ್ನೆ: ಈ ಹೊಲದಿಂದ ಈ ಮನೆಯ ಅಡುಗೆಗೆ ವರ್ಷದಲ್ಲಿ ಏನೇನು ಬರುತ್ತದೆ? ಇದಕ್ಕೆ ಉತ್ತರ ಬೇಕಾದರೆ ಮನೆಯ ಹೆಂಗಸರ ಹತ್ತಿರ ಕೂತು ಮಾತಾಡಲೇಬೇಕು.

ಆ ಪುಟದಿಂದ ನಾನೂ ಕಲಿತೆ. ಹಾವೇರಿ ಕಡೆಯ ಒಬ್ಬ ವಿದ್ಯಾರ್ಥಿ ಅವರ ಊರಿನ ಗುಳಿ ರಾಗಿ ಬಗ್ಗೆ ಬರೆದಿದ್ದ. ಒಂದೂವರೆ ಅಡಿಗೊಂದು ಗುಳಿ, ಎಳೆ ಪೈರು ನಾಟಿ, ಪೈರು ಹಿಡಿದುಕೊಂಡ ಮೇಲೆ ಅದರ ಮೇಲೆ ಕೊರಡು ಎಳೆಯುವುದು. ಪೈರು ಬಾಗುತ್ತದೆ, ಆಮೇಲೆ ಬುಡದಿಂದ ತೆಂಡೆ, ಅಂದರೆ ಮರಿಪೈರು, ಒಡೆದು ತುಂಬಿಕೊಳ್ಳುತ್ತದೆ. ಅವನನ್ನೇ ನಿಲ್ಲಿಸಿ ಕ್ಲಾಸಿಗೆ ಹೇಳಿಸಿದೆ.

ನಿವೃತ್ತಿಯಾಗುವ ವರ್ಷ ಆ ಮಾಗಡಿ ಕಡೆಯ ಹಳ್ಳಿಗೇ ಒಂದು ತಂಡವನ್ನು ಕಳಿಸಿದೆ. ಅಜ್ಜಿ ತೀರಿಕೊಂಡು ಬಹಳ ಕಾಲವಾಗಿತ್ತು. ಸೊಸೆಗೇ ಈಗ ತಲೆ ನೆರೆತಿದೆ. ನಾನು ನೋಡಲು ಹೋದ ದಿನ ಇಬ್ಬರು ಹುಡುಗಿಯರು ಅವರ ಜಗಲಿಯಲ್ಲಿ ಕೂತು ಆ ಪುಟ ತುಂಬಿಸುತ್ತಿದ್ದರು. ಒಬ್ಬಳು ಬರೆದದ್ದನ್ನು ಗಟ್ಟಿಯಾಗಿ ಓದಿದಳು: ರಾಗಿ, ಅವರೆ, ತೊಗರಿ, ಹುಚ್ಚೆಳ್ಳು.

‘ಅಷ್ಟೇನಾ ಮಗ? ಬದುವಿನ ಮೇಲಿನ ಅಣ್ಣೆಸೊಪ್ಪು ಬಿಟ್ಟಿದ್ದೀಯಲ್ಲ, ಬರ್ಕೋ’ ಅಂದರು ಸೊಸೆ.

ಅವಳು ಬರೆದುಕೊಂಡಳು.