ಮೂರು ಸಾವಿರದ ಕೇಬಲ್ ಬೇಕಾ? ಕೊಳ್ಳುವ ಮುಂಚೆ ಇಷ್ಟು ನೋಡಿ

ಟಿವಿ ಆರಿಸಿ, ಬಿಲ್ ಮಾಡಿಸಿ, ಗಾಡಿ ಯಾವಾಗ ಮನೆಗೆ ಬರುತ್ತದೆ ಅಂತ ಕೇಳುವ ಹೊತ್ತಿಗೆ ಅಂಗಡಿಯ ಹುಡುಗ ಇನ್ನೊಂದು ಡಬ್ಬಿ ತಂದು ಮೇಜಿನ ಮೇಲೆ ಇಡುತ್ತಾನೆ. ಒಳಗೆ ಎಚ್‌ಡಿಎಂಐ ಕೇಬಲ್, ಅಂದರೆ ಸೆಟ್‌ಟಾಪ್ ಬಾಕ್ಸಿನಂಥವುಗಳಿಂದ ಟಿವಿಗೆ ಚಿತ್ರ, ಸದ್ದು ಎರಡನ್ನೂ ಒಯ್ಯುವ ವೈರು. ‘ಸಾರ್, ಇಷ್ಟು ಒಳ್ಳೆ ಟಿವಿ ತಗೊಂಡಿದ್ದೀರ. ಮಾಮೂಲಿ ಕೇಬಲ್ ಹಾಕಿದ್ರೆ ಪಿಕ್ಚರ್ ಡಲ್ ಹೊಡೆಯುತ್ತೆ. ಇದು ಗೋಲ್ಡ್ ಪ್ಲೇಟೆಡ್.’ ಬೆಲೆ 3,200 ರೂಪಾಯಿ. ನಾಲ್ಕು ವರ್ಷದ ಹಿಂದೆ ತುಮಕೂರಿನ ಒಂದು ಅಂಗಡಿಯಲ್ಲಿ ನಾನೂ ಹೂಂ ಅಂದು ತಂದೆ. ಅರವತ್ತು ಸಾವಿರ ಕೊಟ್ಟವನಿಗೆ ಇನ್ನೊಂದು ಮೂರು ಸಾವಿರ ಏನು ಮಹಾ ಅಂತ. ಆರು ತಿಂಗಳಾದ ಮೇಲೆ ಮಗಳ ಕಂಪ್ಯೂಟರಿಗೆ ಬೇಕಾಯಿತೆಂದು ಅದನ್ನು ಬಿಚ್ಚಿಕೊಟ್ಟೆ. ಟಿವಿಗೆ ಎಂ.ಜಿ. ರಸ್ತೆಯಿಂದ 350 ರೂಪಾಯಿಯದು ತಂದು ಚುಚ್ಚಿದೆ. ಮನೆಯಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ.

ಹಾಗಂತ ಸಿಕ್ಕಿದ ವೈರನ್ನೆಲ್ಲ ಹಾಕಿಕೊಳ್ಳಿ ಅಂತ ಅಲ್ಲ. ಎಲ್ಲಿ ಕಾಸು ಬಿಚ್ಚಬೇಕು, ಎಲ್ಲಿ ಬೇಡ ಅಂತ ತಿಳಿಯಲು ಒಂದೊಂದಾಗಿ ನೋಡಿಕೊಂಡು ಹೋಗಿ.

1. ವೈರಿನೊಳಗೆ ಏನು ಹೋಗುತ್ತಿದೆ?

ಎಚ್‌ಡಿಎಂಐ ಕೇಬಲಿನಲ್ಲಿ ಹೋಗುವುದು ಡಿಜಿಟಲ್ ಸಿಗ್ನಲ್. ಸೊನ್ನೆ, ಒಂದು, ಅಷ್ಟೇ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಗೋಡೆಯ ಮೇಲಿನ ಕೋಡ್ ಸ್ಕ್ಯಾನ್ ಮಾಡಿ 100 ರೂಪಾಯಿ ಕಳಿಸುತ್ತೀರಲ್ಲ, ಹಾಗೆ. ಎಂಟು ಸಾವಿರದ ಫೋನಿನಿಂದ ಕಳಿಸಿದರೂ ಲಕ್ಷದ ಫೋನಿನಿಂದ ಕಳಿಸಿದರೂ ಹೋಟೆಲಿನವರಿಗೆ ಸೇರುವುದು ಅದೇ 100. ನೆಟ್‌ವರ್ಕ್ ಸರಿಯಿಲ್ಲದಿದ್ದರೆ ಸಿಕ್ಕಿಹಾಕಿಕೊಳ್ಳುತ್ತದೆಯೇ ಹೊರತು, 100 ಕಳಿಸಿದ್ದು ಮಾಸಲು ನೂರಾಗಿ ಹೋಗಿ ಸೇರುವುದಿಲ್ಲ.

ಎಚ್‌ಡಿಎಂಐ ಕೇಬಲ್ ಸೋತರೆ ಅದು ಮುಖಕ್ಕೆ ಹೊಡೆದ ಹಾಗೆ ಕಾಣುತ್ತದೆ. ಪರದೆ ಒಂದೆರಡು ಸೆಕೆಂಡ್ ಕಪ್ಪಾಗುತ್ತದೆ, ಬಿಳಿ ಚುಕ್ಕೆಗಳು ಮಿಣಮಿಣ ಅನ್ನುತ್ತವೆ, ಸದ್ದು ತುಂಡು ತುಂಡಾಗುತ್ತದೆ. ಬಣ್ಣ ಸ್ವಲ್ಪ ಮಂಕಾಗುವುದು, ಮುಖ ಸ್ವಲ್ಪ ಮಸುಕಾಗುವುದು ಕೇಬಲಿನ ದೋಷವಲ್ಲ. ಅದಕ್ಕೆ ಟಿವಿಯ ಪಿಕ್ಚರ್ ಮೋಡ್ ಬದಲಿಸಿ ನೋಡಿ. ಅದು ಪುಕ್ಕಟೆ.

ಇನ್ನೊಂದು ಮಾತು. ಟಿವಿಯೊಳಗಿನ ಆ್ಯಪ್‌ನಲ್ಲೇ ಸಿನಿಮಾ ನೋಡುವವರಿಗೆ ಚಿತ್ರ ಬರುವುದು ವೈಫೈಯಿಂದ. ಆಗ ಚಿತ್ರಕ್ಕೂ ಎಚ್‌ಡಿಎಂಐ ಕೇಬಲಿಗೂ ಸಂಬಂಧವೇ ಇಲ್ಲ. ಸೌಂಡ್‌ಬಾರ್ ಇದ್ದರೆ ಆ ಕೇಬಲಿನಲ್ಲಿ ಸದ್ದು ಮಾತ್ರ ಹೋಗುತ್ತದೆ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

2. ಡಬ್ಬಿಯ ಮೇಲಿನ ಹೆಸರು ಓದಿ

‘2.0 ಕೇಬಲ್’, ‘2.1 ಕೇಬಲ್’ ಅಂತ ಮಾರುತ್ತಾರೆ. ಆ ನಂಬರುಗಳು ಟಿವಿ, ಬಾಕ್ಸುಗಳಿಗೆ ಸೇರಿದವು. ಕೇಬಲಿಗೆ ಇರುವುದು ಹೆಸರು. ಹೈಸ್ಪೀಡ್ ಅಂದರೆ ಸೆಕೆಂಡಿಗೆ 10.2 ಗಿಗಾಬಿಟ್ (ಸಾಗಿಸಬಲ್ಲ ಸೊನ್ನೆ-ಒಂದುಗಳ ಲೆಕ್ಕ), ಪ್ರೀಮಿಯಂ ಹೈಸ್ಪೀಡ್ ಅಂದರೆ 18, ಅಲ್ಟ್ರಾ ಹೈಸ್ಪೀಡ್ ಅಂದರೆ 48. ಎಚ್‌ಡಿ ಸೆಟ್‌ಟಾಪ್ ಬಾಕ್ಸಿಗೆ ಮೊದಲನೆಯದು ಸಾಕೋ ಸಾಕು. 4ಕೆ ಬಾಕ್ಸ್ ಇದ್ದರೆ ಎರಡನೆಯದು. ಹೊಸ ಗೇಮ್ ಯಂತ್ರದಲ್ಲಿ 4ಕೆ ಚಿತ್ರವನ್ನು ಸೆಕೆಂಡಿಗೆ 120 ಸಲ ತೋರಿಸಬೇಕು ಅನ್ನುವವರಿಗೆ ಮಾತ್ರ ಮೂರನೆಯದು. ಕೊನೆಯ ಎರಡರ ಡಬ್ಬಿಯ ಮೇಲೆ ಫೋನಿನಿಂದ ಸ್ಕ್ಯಾನ್ ಮಾಡಿ ಅಸಲಿಯೋ ನಕಲಿಯೋ ನೋಡುವ ಚೀಟಿ ಇರುತ್ತದೆ. ಆ ಚೀಟಿಗೆ ನೂರಿನ್ನೂರು ಜಾಸ್ತಿ ಕೊಡಬಹುದು.

ಚಿನ್ನಕ್ಕೆ ಕೊಡಬೇಡಿ. ವಿದ್ಯುತ್ ಹರಿಸುವುದರಲ್ಲಿ ತಾಮ್ರವೇ ಚಿನ್ನಕ್ಕಿಂತ ಮುಂದೆ. ಪಿನ್ನಿಗೆ ಚಿನ್ನದ ಲೇಪ ಕೊಡುವುದು ತುಕ್ಕು, ಕಿಲುಬು ಹಿಡಿಯದಿರಲಿ ಅಂತ. ನಮ್ಮೂರಿನ ಒಣಹವೆಗೆ ಅದೂ ದೊಡ್ಡ ಚಿಂತೆಯಲ್ಲ. ನನ್ನ 350 ರೂಪಾಯಿಯದಕ್ಕೂ ಆ ಹಳದಿ ಲೇಪ ಇದೆ ಬಿಡಿ.

3. ದಾರ ಹಿಡಿದು ಅಳೆಯಿರಿ

ಬಾಕ್ಸಿನಿಂದ ಟಿವಿಗೆ ಒಂದು ದಾರ ಎಳೆದು, ಅರ್ಧ ಮೀಟರ್ ಸೇರಿಸಿ, ಅಷ್ಟೇ ಉದ್ದದ್ದು ತನ್ನಿ. 2-3 ಮೀಟರಿನೊಳಗೆ ಸಾಧಾರಣ ಕೇಬಲ್ ಸಾಮಾನ್ಯವಾಗಿ ಕೈಕೊಡುವುದಿಲ್ಲ. ಉದ್ದ ಹೆಚ್ಚಿದಂತೆ ಸಿಗ್ನಲ್ ಸೊರಗುತ್ತದೆ. ಮಹಡಿಯ ಹಾಲಿನಲ್ಲಿ ಪ್ರೊಜೆಕ್ಟರ್ ಹಾಕಿಸಿ 10-15 ಮೀಟರ್ ಎಳೆಯುವವರು ಇಲ್ಲಿ ಜಿಪುಣತನ ಮಾಡಬಾರದು. ಬೆಳಕಿನಲ್ಲಿ ಸಿಗ್ನಲ್ ಸಾಗಿಸುವ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಸಿಗುತ್ತದೆ. ಬೆಲೆ ಜಾಸ್ತಿಯೇ, ಆದರೆ ಈ ಜಾಸ್ತಿಗೆ ಅರ್ಥವಿದೆ. ಅದರ ಒಂದು ತುದಿ ಬಾಕ್ಸಿಗೆ, ಇನ್ನೊಂದು ಪರದೆಗೆ ಅಂತ ಬರೆದಿರುತ್ತದೆ. ತಿರುಗಾಮುರುಗಾ ಹಾಕಿದರೆ ಚಿತ್ರ ಬರುವುದಿಲ್ಲ.

ಹೊಸ ಮನೆ ಕಟ್ಟಿಸುತ್ತಿದ್ದರೆ ಗಾರೆ ಬಳಿಯುವ ಮುಂಚೆಯೇ ಟಿವಿ ಗೋಡೆಗೆ ಒಂದೂವರೆ ಇಂಚಿನ ಪೈಪ್ ಹಾಕಿಸಿ. ಮುಕ್ಕಾಲು ಇಂಚಿನದರಲ್ಲಿ ಎಚ್‌ಡಿಎಂಐ ತಲೆ ತೂರುವುದಿಲ್ಲ. ಒಳಗೆ ಒಂದು ತಂತಿ ಬಿಟ್ಟಿರಲಿ. ಕೇಬಲ್ ಕೆಟ್ಟಾಗ ಗೋಡೆ ಒಡೆಯದೆ ಹೊಸದನ್ನು ಎಳೆದುಕೊಳ್ಳಬಹುದು.

4. ಸ್ಪೀಕರ್ ವೈರಿನ ಲೆಕ್ಕವೇ ಬೇರೆ

ಇಲ್ಲಿ ಹೋಗುವುದು ಸೊನ್ನೆ-ಒಂದಲ್ಲ, ಸದ್ದಿನ ಜೊತೆ ಏರಿಳಿಯುವ ಕರೆಂಟು. ತೆಂಗಿನ ತೋಟಕ್ಕೆ ನೀರು ಹಾಯಿಸಿದವರಿಗೆ ಬೇಗ ಅರ್ಥವಾಗುತ್ತದೆ. ಕೊಳವೆಬಾವಿಯಿಂದ ಸಣ್ಣ ಪೈಪಿನಲ್ಲಿ ದೂರ ತೆಗೆದುಕೊಂಡು ಹೋದರೆ ಕೊನೆಯ ಮರದ ಹತ್ತಿರ ನೀರಿಗೆ ಜೋರೇ ಇರುವುದಿಲ್ಲ. ಪೈಪ್ ಯಾವ ಕಂಪನಿಯದು ಅನ್ನುವುದಕ್ಕಿಂತ ಎಷ್ಟು ಅಗಲ, ಎಷ್ಟು ಉದ್ದ ಅನ್ನುವುದು ಮುಖ್ಯ. ಸ್ಪೀಕರ್ ವೈರೂ ಹಾಗೆಯೇ.

ಸ್ಪೀಕರಿನ ಹಿಂದೆ 8 ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ) ಅಂತ ಇದ್ದು, ದೂರ 10 ಮೀಟರಿನ ಒಳಗಿದ್ದರೆ 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಧಾರಾಳ. 4 ಓಮ್ ಇದ್ದರೆ, ಅಥವಾ ದೂರ ಅದಕ್ಕಿಂತ ಜಾಸ್ತಿ ಇದ್ದರೆ 2.5ರದು ತನ್ನಿ. ಮ್ಯೂಸಿಕ್ ಸಿಸ್ಟಮ್ ಅಂಗಡಿಗೇ ಹೋಗಬೇಕಿಲ್ಲ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕೊಡುವ ಸಣ್ಣ ಎಳೆಗಳ ಬಾಗುವ ವೈರೇ ಸಾಕು.

ಮೋಸ ಇರುವುದು ಬೇರೆ ಕಡೆ. ಅಲ್ಯೂಮಿನಿಯಂ ಎಳೆಗೆ ಮೇಲೆ ತೆಳ್ಳಗೆ ತಾಮ್ರ ಬಳಿದ ವೈರನ್ನು ತಾಮ್ರದ್ದು ಅಂತ ಕೊಡುವವರಿದ್ದಾರೆ. ಅದರ ತಡೆ ತಾಮ್ರದ ಸುಮಾರು ಒಂದೂವರೆ ಪಟ್ಟು. ಒಂದು ಎಳೆಯನ್ನು ಬ್ಲೇಡಿನಲ್ಲಿ ಹೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ವಾಪಸ್ ಕೊಡಿ.

ಹಾಕುವಾಗ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಸ್ಪೀಕರಿಗೆ ಮಾತ್ರ ಅದಲುಬದಲಾದರೆ ಒಂದರ ಕೋನ್ (ಅಲುಗಿ ಸದ್ದು ಹೊರಡಿಸುವ ಭಾಗ) ಮುಂದೆ ಬರುವಾಗ ಇನ್ನೊಂದರದು ಹಿಂದೆ ಹೋಗುತ್ತದೆ. ಬೇಸ್ ಮಾಯ. ‘ಸ್ಪೀಕರ್ ಸರಿಯಿಲ್ಲ’ ಅಂತ ಸ್ನೇಹಿತರೊಬ್ಬರು ಕರೆದಿದ್ದರು. ಹೋಗಿ ನೋಡಿದರೆ ಇದೇ. ಎರಡು ನಿಮಿಷದ ಕೆಲಸ, ಕಾಫಿ ಲಾಭ.

5. ಗುಂಯ್ ಅನ್ನುತ್ತಿದೆಯಾ?

ಆಂಪ್ಲಿಫೈಯರಿನಿಂದ ಗುಂಯ್ ಸದ್ದು ಬಂದರೆ ಕೇಬಲ್ ಬದಲಿಸುವ ಮುಂಚೆ ಟಿವಿ, ಬಾಕ್ಸ್, ಆಂಪ್ಲಿಫೈಯರ್ ಮೂರನ್ನೂ ಒಂದೇ ಬೋರ್ಡಿಗೆ ಚುಚ್ಚಿ ನೋಡಿ. ಬೇರೆ ಬೇರೆ ಪ್ಲಗ್ಗಿನ ಅರ್ತ್ ನಡುವೆ ಸುತ್ತು ಹೊಡೆಯುವ ಕರೆಂಟು ಎಷ್ಟೋ ಸಲ ಇದಕ್ಕೆ ಕಾರಣ. ಅರ್ತ್ ಪಿನ್ ಮುರಿಯುವ ಉಪಾಯ ಮಾತ್ರ ಬೇಡವೇ ಬೇಡ, ಶಾಕ್ ಹೊಡೆಯಬಹುದು. ಕೆಂಪು-ಬಿಳಿ ಪಿನ್ನಿನ ಹಳೇ ಕೇಬಲ್ ಪವರ್ ವೈರಿನ ಜೊತೆ ಹೆಣೆದುಕೊಂಡಿದ್ದರೆ ಬಿಡಿಸಿ ದೂರ ಇಡಿ. ಆಮೇಲೂ ನಿಲ್ಲದಿದ್ದರೆ ಒಳಗಿನ ತಂತಿಯ ಸುತ್ತ ಲೋಹದ ಬಲೆ ಇರುವ, ಸ್ವಲ್ಪ ಒಳ್ಳೆಯ ಕೇಬಲ್ ತನ್ನಿ.

6. ಇನ್ನೂ ಅನುಮಾನವೇ?

2007ರಲ್ಲಿ ಅಮೆರಿಕದ ಜೇಮ್ಸ್ ರ‍್ಯಾಂಡಿ ಎಂಬ ಜಾದೂಗಾರ ಒಂದು ಸವಾಲು ಹಾಕಿದ್ದ. 7,250 ಡಾಲರಿನ ಸ್ಪೀಕರ್ ಕೇಬಲನ್ನು ಸಾಧಾರಣ ಕೇಬಲಿನಿಂದ ಬರೀ ಕಿವಿಯಿಂದ ಬೇರೆ ಮಾಡಿ ತೋರಿಸಿದರೆ ಹತ್ತು ಲಕ್ಷ ಡಾಲರ್. ಕೊನೆಗೆ ಆ ಪರೀಕ್ಷೆ ನಡೆಯಲೇ ಇಲ್ಲ, ಬಹುಮಾನವೂ ಯಾರ ಮನೆಗೂ ಹೋಗಲಿಲ್ಲ.

ನೀವು ಮನೆಯಲ್ಲೇ ಮಾಡಬಹುದು. ಎರಡು ಕೇಬಲ್ ಇಟ್ಟುಕೊಳ್ಳಿ. ನೀವು ಪಕ್ಕದ ಕೋಣೆಗೆ ಹೋಗಿ, ಮಕ್ಕಳು ಯಾವುದಾದರೂ ಒಂದನ್ನು ಹಾಕಿ ಕರೆಯಲಿ. ಒಂದೇ ದೃಶ್ಯ ನೋಡಿ ಯಾವುದು ಅಂತ ಬರೆದುಕೊಳ್ಳಿ. ಹೀಗೆ ಹತ್ತು ಸಲ. ನಮ್ಮ ಮನೆಯಲ್ಲಿ ನನಗೆ ಸಿಕ್ಕಿದ್ದು ಹತ್ತಕ್ಕೆ ನಾಲ್ಕು. ಒಂದು ಎಚ್ಚರಿಕೆ: ಅದೇ ಕೇಬಲ್ ಉಳಿಸಿಕೊಳ್ಳುವಾಗಲೂ ಒಮ್ಮೆ ಕಿತ್ತು ಮತ್ತೆ ಹಾಕುವಂತೆ ಮಕ್ಕಳಿಗೆ ಹೇಳಿ. ಇಲ್ಲದಿದ್ದರೆ ಆಚೆ ಕೋಣೆಯಿಂದಲೇ ಸಪ್ಪಳ ಕೇಳಿ ಗೊತ್ತಾಗಿಬಿಡುತ್ತದೆ.